ಆಂಪ್ಲಿಫೈಯರಿನೊಳಗಿನ ಬೀಸಣಿಗೆ

ರಾತ್ರಿಯ ಸಂಗೀತ ಕಚೇರಿಯನ್ನು ತಪ್ಪದೆ ಕೇಳುವ ನಿಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಆಲಾಪನೆಯ ನಡುವೆ ಗಾಯಕರು ಉಸಿರಿಗಾಗಿ ನಿಂತಾಗ ಸಂಗೀತ ನಿಲ್ಲುವುದಿಲ್ಲ. ತಂಬೂರಿಯ ಶ್ರುತಿ ಆ ತೆರಪನ್ನು ತುಂಬಿಕೊಡುತ್ತದೆ. ವೈಣಿಕರು ಮೀಟಿದ ತಂತಿಯ ನಾದ ಮೆಲ್ಲಮೆಲ್ಲನೆ ಕ್ಷೀಣಿಸಿ ಮೌನದಲ್ಲಿ ಲೀನವಾಗುವ ಕೊನೆಯ ಗಳಿಗೆಯಲ್ಲಿಯೇ ಅವರ ಕೈಯ ಸೂಕ್ಷ್ಮವೆಲ್ಲ ಅಡಗಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಆಂಪ್ಲಿಫೈಯರಿನ ಬೆನ್ನಿಗಿರುವ ಸಣ್ಣ ಬೀಸಣಿಗೆ ಗರಗರ ಎಂದರೆ ರಸಭಂಗವಾಗದೆ ಇದ್ದೀತೆ? ಅದನ್ನು ಕಿತ್ತೆಸೆದುಬಿಡೋಣ ಎನ್ನಿಸುವುದು ಸಹಜ. ಅದರ ತಂತಿಯನ್ನು ಕಳಚಿ ನೆಮ್ಮದಿ ಪಡುವವರೂ ಉಂಟು. ಹಾಗೆ ಮಾಡುವ ಮುನ್ನ, ಅದು ಅಲ್ಲಿಗೆ ಹೇಗೆ ಬಂತು, ಏತಕ್ಕಾಗಿ ಬಂತು ಎಂಬುದನ್ನು ತಿಳಿಯುವುದು ಒಳ್ಳೆಯದು. ಅದರ ಸದ್ದಿಗೆ ಪರಿಹಾರವೂ ಆ ಚರಿತ್ರೆಯಲ್ಲಿಯೇ ಇದೆ.

ಮೊದಲು ಹೆಸರನ್ನೇ ನೋಡಿ. ಬೀಸಣಿಗೆ ಎಂದೊಡನೆ 'ಬೀಸು' ಎಂಬ ಧಾತು ನೆನಪಾಗುತ್ತದೆ. ಗಾಳಿಯೂ ಬೀಸುತ್ತದೆ, ಕಲ್ಲಿನಲ್ಲಿ ರಾಗಿಯನ್ನೂ ಬೀಸುತ್ತಾರೆ. ಒಂದೇ ಮಾತಿನಲ್ಲಿ ತಂಪೂ ಉಂಟು, ಗರಗರ ಸದ್ದೂ ಉಂಟು. ಸ್ವಸ್ಥವಾದ ಬೀಸಣಿಗೆ ಮೊದಲನೆಯ ಅರ್ಥದಲ್ಲಿ ಬೀಸುತ್ತದೆ. ಎಣ್ಣೆಯಾರಿದ ಬೀಸಣಿಗೆ ಎರಡನೆಯ ಅರ್ಥದಲ್ಲಿ ಬೀಸುತ್ತದೆ.

ಇನ್ನು ಚರಿತ್ರೆಗೆ ಬರೋಣ. ಸಣ್ಣ ಧ್ವನಿಯನ್ನು ದೊಡ್ಡದು ಮಾಡುವ ಕೆಲಸ ಮೊದಲಾದದ್ದೇ ಬಿಸಿಯಿಂದ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನು ರಚಿಸಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಧ್ರುವವನ್ನು ಸೇರಿಸಿದನು. ವಾಲ್ವಿನೊಳಗಿನ ತಂತು ಕಾದು ಕೆಂಪಾದ ಮೇಲೆಯೇ ಅದರಿಂದ ಎಲೆಕ್ಟ್ರಾನುಗಳು ಹೊರಹೊಮ್ಮುತ್ತವೆ. ಆದಕಾರಣ ಅಲ್ಲಿ ಬಿಸಿ ಎಂಬುದು ಬೇಡದ ವಸ್ತುವಲ್ಲ, ಅದೇ ಪ್ರಾಣ. ಐದು ವಾಲ್ವುಗಳ ಮನೆಯ ರೇಡಿಯೋ 40-50 ವ್ಯಾಟ್ ವಿದ್ಯುತ್ತನ್ನು ನುಂಗಿ ಸ್ಪೀಕರಿಗೆ ಮೂರು ನಾಲ್ಕು ವ್ಯಾಟ್ ಕೊಡುತ್ತಿತ್ತು. ಮಿಕ್ಕದ್ದೆಲ್ಲ ಬಿಸಿ. ಆದರೂ ಅದಕ್ಕೆ ಬೀಸಣಿಗೆ ಇರಲಿಲ್ಲ. ಪೆಟ್ಟಿಗೆಯ ಹಿಂಬದಿಯ ರಟ್ಟಿನಲ್ಲಿ ಸಾಲಾಗಿ ತೂತುಗಳಿದ್ದವು. ಬಿಸಿ ಗಾಳಿ ತಾನಾಗಿ ಮೇಲೇರಿ ಹೊರಗೆ ಹೋಗುತ್ತಿತ್ತು, ತಂಪು ಗಾಳಿ ಕೆಳಗಿನಿಂದ ಒಳಕ್ಕೆ ಬರುತ್ತಿತ್ತು. ರೇಡಿಯೋವನ್ನು ಗೋಡೆಗೆ ಒತ್ತಿ ಇಡಕೂಡದು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಇದೇ ಕಾರಣ.

ಗಾಳಿಯನ್ನು ಬಲವಂತವಾಗಿ ನುಗ್ಗಿಸಬೇಕಾಗಿ ಬಂದದ್ದು ಮನೆಗಳಲ್ಲಲ್ಲ, ಪ್ರಸಾರ ನಿಲಯಗಳಲ್ಲಿ. 'ಆಕಾಶವಾಣಿ' ಎಂಬ ಹೆಸರನ್ನು ದೇಶಕ್ಕೆ ಕೊಟ್ಟ ಮೈಸೂರಿನ ನಿಲಯವನ್ನು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಾರಂಭಿಸಿದರು. ಅದರ ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಆದರೆ ಹತ್ತಾರು ಕಿಲೋವ್ಯಾಟ್ ಶಕ್ತಿಯ ದೊಡ್ಡ ನಿಲಯಗಳಲ್ಲಿ ವಾಲ್ವಿನ ತಾಮ್ರದ ಧ್ರುವವನ್ನೇ ಹೊರಮೈಯಾಗಿ ಮಾಡಿ, ಅದರ ಸುತ್ತ ನೀರು ಹರಿಸಿ ತಣಿಸಬೇಕಾಯಿತು. ಮುಂದೆ ಆ ಧ್ರುವಕ್ಕೆ ಲೋಹದ ರೆಕ್ಕೆಗಳನ್ನು ಜೋಡಿಸಿ ಅವುಗಳ ಮೇಲೆ ಗಾಳಿ ಊದುವ ಪದ್ಧತಿಯೂ ಬಂತು. ಆ ಯಂತ್ರಗಳ ಭೋರ್ಗರೆತದಿಂದ ಯಾರಿಗೂ ತೊಂದರೆಯಾಗಲಿಲ್ಲ. ಪ್ರೇಷಕ ಯಂತ್ರ ಒಂದೆಡೆ, ಹಾಡುವವರ ಸ್ಟುಡಿಯೋ ಮತ್ತೊಂದೆಡೆ, ಕೇಳುವ ನೀವು ಮಗುದೊಂದೆಡೆ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಎಂಬವರು ಟ್ರಾನ್ಸಿಸ್ಟರನ್ನು ಕಂಡುಹಿಡಿದರು. ಶಾಕ್ಲಿಯನ್ನೂ ಸೇರಿಸಿ ಮೂವರಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ಬಂತು. ಕಾಯಿಸಬೇಕಾದ ತಂತುವೇ ಇಲ್ಲದ ಮೇಲೆ ಬಿಸಿಯ ಕಾಟ ತಪ್ಪಿತೆಂದು ತೋರಿದ್ದು ಆಶ್ಚರ್ಯವಲ್ಲ. ಜೇಬಿನ ರೇಡಿಯೋದ ಮಟ್ಟಿಗೆ ಅದು ನಿಜವೂ ಆಯಿತು. ದೊಡ್ಡ ಆಂಪ್ಲಿಫೈಯರಿನಲ್ಲಿ ಮಾತ್ರ ಕಥೆ ತಿರುಗಿತು. ವಾಲ್ವು ಬಿಸಿಯನ್ನು ತಾಳಿಕೊಂಡು ಬಾಳುವ ವಸ್ತು, ಟ್ರಾನ್ಸಿಸ್ಟರು ಹಾಗಲ್ಲ. ಅದರ ಹುರುಳಾದ ಸಿಲಿಕಾನ್ ಬಿಲ್ಲೆ ಉಗುರಿಗಿಂತಲೂ ಚಿಕ್ಕದು. ಆ ಚಿಕ್ಕ ಜಾಗದಲ್ಲಿ ಹುಟ್ಟಿದ ಬಿಸಿಯನ್ನು ಒಡನೆಯೇ ಹೊರಗೆ ಸಾಗಿಸದಿದ್ದರೆ ಅದು ಸುಟ್ಟುಹೋಗುತ್ತದೆ. ಅದಕ್ಕಾಗಿ ಅಲ್ಯುಮಿನಿಯಮ್ಮಿನ ರೆಕ್ಕೆಗಳುಳ್ಳ ಹೀಟ್ ಸಿಂಕ್ ಬಂತು.

ಅದೇ ಕಾಲದಲ್ಲಿ ಸ್ಪೀಕರುಗಳೂ ಬದಲಾಗುತ್ತಿದ್ದವು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವನು ಗಾಳಿಯಾಡದ ಚಿಕ್ಕ ಪೆಟ್ಟಿಗೆಯಿಂದ ಗಂಭೀರವಾದ ಮಂದ್ರಧ್ವನಿಯನ್ನು ಹೊರಡಿಸಿ ತೋರಿಸಿದನು. ಪೆಟ್ಟಿಗೆ ಚಿಕ್ಕದಾಯಿತು, ಆದರೆ ಅದನ್ನು ನುಡಿಸಲು ಹೆಚ್ಚು ಶಕ್ತಿ ಬೇಕಾಯಿತು. 1967ರಲ್ಲಿ ಬಂದ ಕ್ರೌನ್ ಡಿಸಿ-300 ಒಂದೊಂದು ಚಾನಲಿಗೆ 150 ವ್ಯಾಟ್ ಕೊಡುತ್ತಿತ್ತು. 1970ರ ದಶಕದ ಆರಂಭದಲ್ಲಿ ಬಂದ ಫೇಸ್ ಲೀನಿಯರ್ 700 ಎಂಬುದು 350 ವ್ಯಾಟ್ ಕೊಟ್ಟಿತು. ಮೈಸೂರಿನ ಮೊದಲ ಪ್ರೇಷಕ ಯಂತ್ರದ ಹತ್ತು ಪಟ್ಟಿಗೂ ಮಿಕ್ಕ ಶಕ್ತಿ ಮನೆಯ ಒಂದು ಕೋಣೆಯೊಳಕ್ಕೆ ಬಂದಂತಾಯಿತು.

ಇಲ್ಲಿ ಒಂದು ವಿಚಿತ್ರವಾದ ಲೆಕ್ಕವಿದೆ. ಆಂಪ್ಲಿಫೈಯರು ಅತ್ಯಂತ ಜೋರಾಗಿ ನುಡಿಯುವಾಗಲೇ ಅತ್ಯಂತ ಹೆಚ್ಚು ಕಾಯುತ್ತದೆ ಎಂದು ನೀವು ಭಾವಿಸಬಹುದು. ಹಾಗಲ್ಲ. ಬಿ ವರ್ಗದ ಆಂಪ್ಲಿಫೈಯರಿನ 100 ವ್ಯಾಟಿನ ಒಂದು ಚಾನಲ್ಲು ಪೂರ್ತಿ 100 ವ್ಯಾಟ್ ಕೊಡುವಾಗ ಟ್ರಾನ್ಸಿಸ್ಟರುಗಳಲ್ಲಿ ವ್ಯರ್ಥವಾಗುವುದು ಸುಮಾರು 27 ವ್ಯಾಟ್. ಅದೇ ಚಾನಲ್ಲು 40 ವ್ಯಾಟ್ ಕೊಡುವಾಗ ವ್ಯರ್ಥವಾಗುವುದೂ 40 ವ್ಯಾಟ್! ಆದುದರಿಂದ 'ನಾವು ಜೋರಾಗಿ ಹಾಕುವುದಿಲ್ಲ, ನಮಗೆ ಬೀಸಣಿಗೆ ಏಕೆ?' ಎಂಬ ವಾದ ಎಲ್ಲ ಸಂದರ್ಭದಲ್ಲಿಯೂ ನಿಲ್ಲುವುದಿಲ್ಲ.

ಬೀಸಣಿಗೆ ಆಂಪ್ಲಿಫೈಯರಿನೊಳಕ್ಕೆ ಬಂದದ್ದು ದೊಡ್ಡ ಸಭೆಗಳ ಮೂಲಕ. ಒಂದರ ಮೇಲೊಂದು ಜೋಡಿಸಿದ ಯಂತ್ರಗಳಿಗೆ ತೂತಿನ ರಟ್ಟು ಸಾಲದು. ಸಾವಿರ ಜನರ ಗದ್ದಲದಲ್ಲಿ ಬೀಸಣಿಗೆಯ ಸದ್ದು ಯಾರ ಕಿವಿಗೂ ಬೀಳದು. ಅದೇ ಬಗೆಯ ರಚನೆ ಮನೆಗೆ ಬಂದಾಗ ಸದ್ದೂ ಜೊತೆಗೆ ಬಂತು. ಹಳೆಯ ಮಾದರಿಯ ಬೀಸಣಿಗೆ, 120 ಮಿಲಿಮೀಟರ್ ಚೌಕದ್ದು, ನೇರವಾಗಿ ಮನೆಯ ವಿದ್ಯುತ್ತಿನಿಂದ ತಿರುಗುತ್ತಿತ್ತು. ನಮ್ಮ 50 ಆವರ್ತಗಳ ವಿದ್ಯುತ್ತಿನಲ್ಲಿ ಅದರ ವೇಗ ನಿಮಿಷಕ್ಕೆ 3000 ಸುತ್ತುಗಳಿಗಿಂತ ಸ್ವಲ್ಪ ಕಡಮೆ. ಹಾಡು ಇರಲಿ ಇಲ್ಲದಿರಲಿ, ಯಂತ್ರ ಕಾದಿರಲಿ ತಣ್ಣಗಿರಲಿ, ಅದರ ಓಟ ಒಂದೇ ಸಮ.

ಈ ಕಷ್ಟಕ್ಕೆ ದಾರಿ ಒದಗಿದ್ದು ಬೇರೊಂದು ಕಡೆಯಿಂದ. ಕಾಂತಕ್ಷೇತ್ರದ ಕುರಿತು 1879ರಲ್ಲಿ ಎಡ್ವಿನ್ ಹಾಲ್ ಕಂಡ ಒಂದು ತತ್ತ್ವವುಂಟು. ಕುಂಚವಿಲ್ಲದೆ ಟ್ರಾನ್ಸಿಸ್ಟರುಗಳ ಸಹಾಯದಿಂದ ತಿರುಗುವ ನೇರ ವಿದ್ಯುತ್ತಿನ ಮೋಟಾರನ್ನು 1962ರಲ್ಲಿ ವಿಲ್ಸನ್ ಮತ್ತು ಟ್ರಿಕಿ ಎಂಬವರು ವರ್ಣಿಸಿದರು. ಈ ಎರಡು ಕೂಡಿದ ಚಿಕ್ಕ ಬೀಸಣಿಗೆಗಳು ಕಂಪ್ಯೂಟರುಗಳ ಪ್ರಚಾರದೊಡನೆ ಅಗ್ಗವಾದವು. ಅವುಗಳ ವೇಗವನ್ನು ತಗ್ಗಿಸಬಹುದು, ಹೆಚ್ಚಿಸಬಹುದು. ಬಿಸಿಯನ್ನು ಅರಿಯುವ ಥರ್ಮಿಸ್ಟರ್ ಜೋಡಿಸಿದರೆ ಕಾದಾಗ ಮಾತ್ರ ಓಡಿಸಬಹುದು.

ವೇಗ ತಗ್ಗಿಸುವುದರಿಂದ ಆಗುವ ಲಾಭ ಅಲ್ಪವಲ್ಲ. ವೇಗವನ್ನು ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧವಾದಂತೆ ಕೇಳುತ್ತದೆ. ಇನ್ನು, 80 ಮಿಲಿಮೀಟರಿನ ಬೀಸಣಿಗೆ ಕೊಡುವಷ್ಟೇ ಗಾಳಿಯನ್ನು ಅದೇ ಆಕಾರದ 120 ಮಿಲಿಮೀಟರಿನದು ಹತ್ತರಲ್ಲಿ ಮೂರು ಪಾಲು ವೇಗದಲ್ಲಿಯೇ ಕೊಡಬಲ್ಲುದು. ಸಣ್ಣದು ಓಡಿ ದಣಿಯುವಲ್ಲಿ ದೊಡ್ಡದು ನಿಧಾನವಾಗಿ ನಡೆದು ಅದೇ ಕೆಲಸ ಮುಗಿಸುತ್ತದೆ. ಬೀಸಣಿಗೆಯ ಚರಿತ್ರೆ ಕಲಿಸುವ ಪಾಠ ಇದೇ.

ನಿಮ್ಮ ಮನೆಯ ಬೀಸಣಿಗೆ ಸದ್ದು ಮಾಡುತ್ತಿದ್ದರೆ ಮೊದಲು ಸದ್ದಿನ ಜಾತಿಯನ್ನು ಗುರುತಿಸಿ. ಗರಗರ ಎಂದರೆ ಬೇರಿಂಗು ಸವೆದಿದೆ. ಎಣ್ಣೆ ಹೀರಿದ ಕಂಚಿನ ಬೇರಿಂಗಿನಲ್ಲಿ ಬಿಸಿಗೆ ಎಣ್ಣೆ ಆರಿಹೋಗುವುದುಂಟು; ಆಗ ಬದಲಾಯಿಸುವುದೇ ಮೇಲು. ಭೋರ್ ಎಂದರೆ ಅದು ಗಾಳಿಯ ಸದ್ದು. ಧೂಳು ಕಟ್ಟಿದ ರೆಕ್ಕೆಗಳನ್ನು ಶುಚಿಮಾಡಿ ನೋಡಿ. ತಗಡು ನಡುಗಿದಂತಿದ್ದರೆ ಅದು ಜೋಡಣೆಯ ದೋಷ. ತಿರುಪಿನ ಅಡಿಗೆ ರಬ್ಬರ್ ಕೊಟ್ಟರೆ ಸಾಕಾಗಬಹುದು.

ಬದಲಾಯಿಸುವಾಗ ಹಳೆಯದರ ಚೀಟಿಯನ್ನು ಓದಿ, ವೋಲ್ಟೇಜು 12ವೋ, 24ವೋ, 230ವೋ ಎಂಬುದನ್ನೂ, ಚೌಕದ ಅಳತೆ, ದಪ್ಪ, ಗಾಳಿ ಹೋಗುವ ದಿಕ್ಕು ಇವುಗಳನ್ನೂ ಬರೆದುಕೊಳ್ಳಿ. ಕೆಲವು ಯಂತ್ರಗಳಲ್ಲಿ ಬೀಸಣಿಗೆ ತಿರುಗುತ್ತಿದೆಯೇ ಎಂದು ತಿಳಿಸುವ ಮೂರನೆಯ ತಂತಿ ಇರುತ್ತದೆ. ಅದನ್ನು ಬಿಟ್ಟರೆ ಯಂತ್ರ ನುಡಿಯದೆ ಇರಬಹುದು. 'ನಿಶ್ಶಬ್ದ' ಎಂದು ಬರೆದ ಮಾತ್ರಕ್ಕೆ ಕೊಳ್ಳಬೇಡಿ. ಗಾಳಿಯ ಪ್ರಮಾಣವನ್ನೂ ನೋಡಿ. 80 ವ್ಯಾಟ್ ಬಿಸಿಯನ್ನು ಹೊತ್ತೊಯ್ಯುವ ಗಾಳಿ ತಾನು 10 ಡಿಗ್ರಿಯಷ್ಟೇ ಕಾಯಬೇಕಾದರೆ ಗಂಟೆಗೆ ಸುಮಾರು 24 ಘನಮೀಟರ್ ಗಾಳಿ ಬೇಕು. ಚೀಟಿಯ ಲೆಕ್ಕ ಬಯಲಿನದು. ರೆಕ್ಕೆಗಳ ನಡುವೆ ನುಗ್ಗುವಾಗ ಗಾಳಿ ಕಡಮೆಯಾಗುತ್ತದೆ. ರಾಯಚೂರಿನ ಬೇಸಗೆಯಲ್ಲಿ ಒಳಕ್ಕೆ ಹೋಗುವ ಗಾಳಿಯೇ 40 ಡಿಗ್ರಿ ಇರುವುದೆಂಬುದನ್ನೂ ಮರೆಯಬೇಡಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆಂಪ್ಲಿಫೈಯರಿನ ದೊಡ್ಡ ಕೆಪಾಸಿಟರುಗಳು ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದನ್ನು ಅಳೆದು ಬರಿದುಮಾಡಬಲ್ಲ ಅನುಭವಿಯ ಕೈಗೆ ಕೆಲಸವನ್ನು ಒಪ್ಪಿಸುವುದು ಕ್ಷೇಮ. ಆ ಕೆಪಾಸಿಟರುಗಳ ಆಯುಷ್ಯವೂ ಬಿಸಿಯನ್ನೇ ಅವಲಂಬಿಸಿದೆ. ಪ್ರತಿ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಅರ್ಧವಾಗುತ್ತದೆಂಬುದು ಶಿಲ್ಪಿಗಳ ಸಾಮಾನ್ಯ ಲೆಕ್ಕ. ಬೀಸಣಿಗೆಯ ತಂತಿ ಕಳಚಿದವರು ಈ ಸಾಲವನ್ನು ತಿಳಿಯದೆ ಮಾಡಿರುತ್ತಾರೆ.

ಬಿಸಿಯೇ ಹೆಚ್ಚು ಹುಟ್ಟದ ಡಿ ವರ್ಗದ ಆಂಪ್ಲಿಫೈಯರುಗಳೂ ಬಂದಿವೆ. ಇಂಗ್ಲೆಂಡಿನ ಸಿಂಕ್ಲೇರ್ 1964ರಲ್ಲಿಯೇ ಅಂಥದೊಂದನ್ನು ಮಾರಾಟಕ್ಕೆ ತಂದರೂ, ಆಗಿನ ಟ್ರಾನ್ಸಿಸ್ಟರುಗಳು ಅದಕ್ಕೆ ತಕ್ಕವಾಗಿರಲಿಲ್ಲ. ಈಗ ಅವು ನೂರಕ್ಕೆ 90ರಷ್ಟು ವಿದ್ಯುತ್ತನ್ನು ಧ್ವನಿಗೇ ಒದಗಿಸುತ್ತವೆ. ಮನೆಯ ಬಳಕೆಗೆ ಅನೇಕವಕ್ಕೆ ಬೀಸಣಿಗೆಯೇ ಬೇಡ. ಆದರೆ ಹಳೆಯ ಯಂತ್ರದ ನಾದಕ್ಕೆ ಕಿವಿ ಒಗ್ಗಿದವರು ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಒಳ್ಳೆಯ ಮನೆಗಳಲ್ಲಿ ಕೆಲಸ ನಡೆಯುತ್ತದೆ, ಸದ್ದು ಕೇಳುವುದಿಲ್ಲ. ಆಂಪ್ಲಿಫೈಯರಿನ ಬೀಸಣಿಗೆಯೂ ಹಾಗೆಯೇ ಇರಬೇಕು: ಅದರ ಗಾಳಿಯನ್ನು ಉಳಿಸಿಕೊಳ್ಳಿ, ಸದ್ದನ್ನು ಮಾತ್ರ ಬೀಳ್ಕೊಡಿ.