ಫಾದರ್ ಮುಲ್ಲರ್ ಚಾರಿಟಬಲ್ ಸಂಸ್ಥೆಗಳು
ಮಂಗಳೂರಿನ ಕಂಕನಾಡಿಯಲ್ಲಿರುವ ಕ್ಯಾಥೊಲಿಕ್ ಸೇವಾಸಂಸ್ಥೆ. ಜರ್ಮನಿಯ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದಡಿ ಬಡ ರೋಗಿಗಳಿಗೆ ಹೋಮಿಯೋಪಥಿ ಮದ್ದು ಕೊಡಲಾರಂಭಿಸಿದುದು ಇದರ ಮೂಲ. ಹೊಸ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳಲು ಬಂದವರಿಗೆ ವೈದ್ಯವೇ ಮುಖ್ಯ ಕಸುಬಾಯಿತು. ಮನೆಯವರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ 1890ರಲ್ಲಿ ಆಶ್ರಯಧಾಮ ತೆರೆದರು. ಮುಲ್ಲರ್ ಅವರ ಕೆಲಸದಲ್ಲಿ ಎಲ್ಲಕ್ಕಿಂತ ದಿಟ್ಟ ಹೆಜ್ಜೆ ಬಹುಶಃ ಇದೇ. ಮುಂದೆ ಊರಿಗೆ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ಕಟ್ಟಿಸಿದರು. ಅವರ ಹೋಮಿಯೋಪಥಿ ಔಷಧಾಲಯ ಅಂಚೆಯ ಮೂಲಕ ದೂರದೂರಿಗೂ ಮದ್ದು ಕಳುಹಿಸುತ್ತಿತ್ತು. ಮುಲ್ಲರ್ 1910ರಲ್ಲಿ ತೀರಿಕೊಂಡರು. ಸಂಸ್ಥೆ ಈಗ ಮಂಗಳೂರು ಧರ್ಮಪ್ರಾಂತ್ಯದ ಆಡಳಿತದಲ್ಲಿದ್ದು, ವೈದ್ಯಕೀಯ, ಹೋಮಿಯೋಪಥಿ, ಶುಶ್ರೂಷಾ ಕಾಲೇಜುಗಳನ್ನೂ ನಡೆಸುತ್ತದೆ. ಹೆಸರು ಎಷ್ಟೇ ಉದ್ದವಿದ್ದರೂ ಹಳಬರಿಗೆ ಇದು ಬರೀ ‘ಕಂಕನಾಡಿ ಆಸ್ಪತ್ರೆ’.