ಮಂಗಳೂರು–ಅಮಿಂದಿವಿ ಕಡಲದಾರಿ: ಒಂದು ಮರೆತ ಸಂಬಂಧದ ಚಾರಿತ್ರಿಕ ವಿವೇಚನೆ

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಹೊಸ ಮೈಸೂರು ರಾಜ್ಯದ ಭೂಭಾಗಗಳನ್ನು ಹೆಸರಿಸುವಾಗ ದಕ್ಷಿಣ ಕನ್ನಡ ಜಿಲ್ಲೆಯಿಂದ ಎರಡು ಪ್ರದೇಶಗಳನ್ನು ಹೊರತುಪಡಿಸುತ್ತದೆ. ಒಂದು ಕಾಸರಗೋಡು ತಾಲ್ಲೂಕು, ಮತ್ತೊಂದು ಅಮಿಂದಿವಿ ದ್ವೀಪಗಳು. ಮೊದಲನೆಯದನ್ನು ಕುರಿತು ಕನ್ನಡದಲ್ಲಿ ವಿಪುಲವಾದ ಬರವಣಿಗೆ ನಡೆದಿದೆ. ಎರಡನೆಯದಕ್ಕೆ ನಮ್ಮ ಇತಿಹಾಸ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ತೀರ ಕಡಿಮೆ. ಆ ದ್ವೀಪಗಳ ಮೇಲೆ ಹಕ್ಕು ಮಂಡಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ದ್ವೀಪವಾಸಿಗಳ ಮಾತು ಮಲಯಾಳದ ಒಂದು ಪ್ರಭೇದ. ಅವರ ಸಮಾಜ ವ್ಯವಸ್ಥೆಯೂ ಬೇರೆಯದು. ಆದರೂ ಒಂದೂವರೆ ಶತಮಾನಕ್ಕೂ ಮಿಕ್ಕಿ ಅವರ ಸರಕಾರಿ ಕಚೇರಿ ಮಂಗಳೂರಿನಲ್ಲಿತ್ತು. ಆ ಕಚೇರಿಗೂ ದ್ವೀಪಗಳಿಗೂ ನಡುವಿನ ಪ್ರಯಾಣವನ್ನು ಯಾರು, ಯಾವ ನಿರ್ಬಂಧಗಳಿಗೆ ಒಳಪಟ್ಟು ಮಾಡಿದರೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ಎಂಬ ಐದು ಹವಳದ ದ್ವೀಪಗಳನ್ನು ಒಟ್ಟಾಗಿ ಅಮಿಂದಿವಿ ಎನ್ನುತ್ತಿದ್ದರು. ಮಂಗಳೂರಿನಿಂದ ಅಮಿನಿಗೆ ನೇರ ದೂರ ಸುಮಾರು 300 ಕಿ.ಮೀ. ಹದಿನೆಂಟನೆಯ ಶತಮಾನದಲ್ಲಿ ಇವು ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದವು. ಆ ಆಳ್ವಿಕೆಯಿಂದ ಬೇಸತ್ತ ಅಮಿನಿಯ ಕೆಲವರು ಕಡಲು ದಾಟಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರೆಂದೂ, ಅದರ ಫಲವಾಗಿ ಈ ಐದು ದ್ವೀಪಗಳು ಮೈಸೂರಿಗೆ ಸೇರಿದವೆಂದೂ ಪ್ರಚಲಿತ ನಿರೂಪಣೆ ತಿಳಿಸುತ್ತದೆ. ಘಟನೆಯ ವರ್ಷದ ಬಗ್ಗೆ 1783ರಿಂದ 1787ರವರೆಗೆ ಭಿನ್ನ ಉಲ್ಲೇಖಗಳಿವೆ. ಕವರತ್ತಿ, ಅಗತ್ತಿ, ಆಂಡ್ರೋತ್, ಕಲ್ಪೇನಿ ಮತ್ತು ಮಿನಿಕಾಯ್ ಅರಕ್ಕಲ್ ಮನೆತನದಲ್ಲಿಯೇ ಉಳಿದವು.

ಮೈಸೂರು ರಾಜ್ಯದ ಅಂದಿನ ವಿಸ್ತಾರವನ್ನು ಇಲ್ಲಿ ನೆನೆಯಬೇಕು. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಗೆದ್ದುಕೊಂಡಿದ್ದನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲುಸೀಮೆಯೂ ಅರಬ್ಬೀ ಸಮುದ್ರದ ಈ ಹವಳದ ದಿಣ್ಣೆಗಳೂ ಒಂದೇ ದಶಕದ ಆಸುಪಾಸಿನಲ್ಲಿ ಶ್ರೀರಂಗಪಟ್ಟಣದ ಆಡಳಿತಕ್ಕೆ ಒಳಪಟ್ಟವು. ಒಳನಾಡಿನ ಕೋಟೆಗಳ ಇತಿಹಾಸದಲ್ಲಿಯೇ ಮೈಸೂರನ್ನು ಗುರುತಿಸುವ ರೂಢಿಯಿಂದಾಗಿ ಅದರ ಕಡಲ ಮೇರೆ ನಮ್ಮ ಗಮನದಿಂದ ಜಾರಿಹೋಗಿದೆ.

1799ರಲ್ಲಿ ಟಿಪ್ಪುವಿನ ಪತನದ ನಂತರ ಅಮಿಂದಿವಿಯು ಈಸ್ಟ್ ಇಂಡಿಯಾ ಕಂಪನಿಯ ಕೆನರಾ ಜಿಲ್ಲೆಗೆ ಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋದಾಗಲೂ ದ್ವೀಪಗಳು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಉಳಿದವು. ಅಮಿನಿಯಲ್ಲಿ 'ಮೊನೆಗಾರ' ಎಂಬ ಅಧಿಕಾರಿಯಿದ್ದು ಸ್ಥಳೀಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದನು. ಅವನ ಮೇಲಧಿಕಾರಿ ಮಂಗಳೂರಿನ ಕಲೆಕ್ಟರು.

ಈ ಸಂಬಂಧದ ಆರ್ಥಿಕ ತಳಹದಿ ತೆಂಗಿನ ನಾರು. ದ್ವೀಪಗಳ ಹವಳದ ಮರಳಿನಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಯಿಸಿ, ಬಡಿದು, ಹುರಿ ಹೊಸೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಆ ಹುರಿಯನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ಒಯ್ಯುವುದು ಗಂಡಸರದು. ನಾರಿನ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿದ್ದುದರಿಂದ ಅದನ್ನು ಸರಕಾರಕ್ಕೆ, ಸರಕಾರವೇ ಗೊತ್ತುಪಡಿಸಿದ ದರದಲ್ಲಿ ಒಪ್ಪಿಸಬೇಕಾಗಿತ್ತು. ಪ್ರತಿಯಾಗಿ ಅಕ್ಕಿ ದೊರೆಯುತ್ತಿತ್ತು. ಅಕ್ಕಿಯ ಬೆಲೆಯೂ ನಾರಿನ ಬೆಲೆಯೂ ಒಂದೇ ಕಚೇರಿಯಲ್ಲಿ ನಿರ್ಧಾರವಾಗುತ್ತಿದ್ದಾಗ ಚೌಕಾಸಿಗೆ ಆಸ್ಪದವಿರಲಿಲ್ಲ. ಕೊಬ್ಬರಿ, ತೆಂಗಿನ ಬೆಲ್ಲ, ಕವಡೆಗಳೂ ಅದೇ ಓಡಗಳಲ್ಲಿ ಬರುತ್ತಿದ್ದವು.

'ಓಡ' ಎಂಬ ಪದ ಕನ್ನಡ, ತುಳು, ಮಲಯಾಳಗಳಿಗೆ ಸಮಾನವಾದುದು. ದ್ವೀಪದವರ ಓಡದ ಹಲಗೆಗಳನ್ನು ನಾರಿನ ಹುರಿಯಿಂದಲೇ ಹೊಲಿಯಲಾಗುತ್ತಿತ್ತು. ಅದನ್ನು ನಡೆಸುವ 'ಮಾಲ್ಮಿ'ಗಳು ನಕ್ಷತ್ರಗಳ ಎತ್ತರವನ್ನು ಅಳೆದು ದಿಕ್ಕು ತಿಳಿಯುತ್ತಿದ್ದರು. 'ರಹಮಾನಿ' ಎಂಬ ನೌಕಾಯಾನದ ಕೈಬರಹಗಳು ಅವರಲ್ಲಿದ್ದವು. ಪ್ರಯಾಣಿಕರಿಗೆಂದೇ ಬೇರೆ ಹಡಗಿರಲಿಲ್ಲ. ಸರಕು, ಅಹವಾಲುದಾರ, ವ್ಯಾಜ್ಯದ ಕಕ್ಷಿಗಾರ, ರೋಗಿ ಎಲ್ಲರಿಗೂ ಅದೇ ಓಡ. ನೈಋತ್ಯ ಮಾರುತ ಆರಂಭವಾದೊಡನೆ ನೇತ್ರಾವತಿ–ಗುರುಪುರ ನದಿಗಳ ಅಳಿವೆಯನ್ನು ದಾಟುವುದೇ ಅಪಾಯಕರ. ಆದ್ದರಿಂದ ಮಳೆಗಾಲದ ತಿಂಗಳುಗಳಿಗೆ ಬೇಕಾದ ಅಕ್ಕಿಯನ್ನು ಬೇಸಿಗೆ ಮುಗಿಯುವ ಮೊದಲೇ ದ್ವೀಪಕ್ಕೆ ತಲಪಿಸಬೇಕು. ಕೊನೆಯ ಓಡ ತಡವಾದರೆ ಅದರ ಅರ್ಥ ಹಸಿವು.

ಇಲ್ಲಿ ಒಂದು ವೈಶಿಷ್ಟ್ಯ ಗಮನಾರ್ಹ. ಓಡ ದ್ವೀಪದವರ ಸ್ವಂತದ್ದು, ಮಾಲ್ಮಿ ಅವರವನೇ, ದಾರಿಯ ಅರಿವೂ ಅವರದೇ. ಆದರೆ ಓಡ ಎಲ್ಲಿಗೆ ಹೋಗಬೇಕೆಂಬುದನ್ನು ನಾರಿನ ಏಕಸ್ವಾಮ್ಯ ನಿರ್ಧರಿಸುತ್ತಿತ್ತು. ವಸಾಹತು ಆಡಳಿತವು ಈ ಕಡಲಿನಲ್ಲಿ ಹಡಗುಗಳ ಒಡೆತನಕ್ಕೆ ಕೈಹಾಕದೆಯೇ ಪ್ರಯಾಣವನ್ನು ತನ್ನ ಹಿಡಿತದಲ್ಲಿ ಇರಿಸಿಕೊಂಡಿತ್ತು. ಅಕ್ಕಿಯ ಉಗ್ರಾಣವೊಂದೇ ಅದಕ್ಕೆ ಸಾಕಾಗಿತ್ತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಬಂದಿತು. ಅದೇ ದಿನ ಅಮಿಂದಿವಿಯು ಜಿಲ್ಲೆಯಿಂದ ಬೇರ್ಪಟ್ಟು, ಮಲಬಾರ್ ಜಿಲ್ಲೆಯಲ್ಲಿದ್ದ ಇತರ ದ್ವೀಪಗಳೊಡನೆ ಕೇಂದ್ರಾಡಳಿತ ಪ್ರದೇಶವಾಯಿತು. ಅದರ ಆಡಳಿತ ಕಚೇರಿ ಮೊದಲು ಕೋಝಿಕ್ಕೋಡಿನಲ್ಲಿದ್ದು 1964ರಲ್ಲಿ ಕವರತ್ತಿಗೆ ಸ್ಥಳಾಂತರಗೊಂಡಿತು. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂದಿತು. ಕಾಲಕ್ರಮದಲ್ಲಿ ಯಂತ್ರಚಾಲಿತ ಪ್ರಯಾಣಿಕ ಹಡಗುಗಳಿಗೆ ಕೊಚ್ಚಿಯೇ ಮುಖ್ಯ ನೆಲೆಯಾಯಿತು. ಓಡದ ಒಡೆಯನಾಗಿದ್ದ ದ್ವೀಪವಾಸಿ ಟಿಕೆಟ್ ಪಡೆಯುವ ಪ್ರಯಾಣಿಕನಾದನು. ಸುರಕ್ಷತೆ, ವೇಗಗಳಲ್ಲಿ ಅವನಿಗಾದ ಲಾಭ ನಿಸ್ಸಂದೇಹ. ಅದರ ಜೊತೆಗೆ ಮಾಲ್ಮಿಗಳ ವಿದ್ಯೆ ಬಳಕೆ ತಪ್ಪಿದುದೂ ಅಷ್ಟೇ ನಿಜ.

ಮಂಗಳೂರಿನ ಸಂಬಂಧ ಪೂರ್ಣವಾಗಿ ಕಡಿದುಹೋಗಲಿಲ್ಲ. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಗೊಂಡು ದೊಡ್ಡ ಹಡಗುಗಳು ಅಲ್ಲಿಗೆ ತಿರುಗಿದ ಮೇಲೂ ಹಳೆ ಬಂದರಿನಿಂದ ಮಂಜಿಗಳು ದಿನಸಿ, ಕಟ್ಟಡ ಸಾಮಗ್ರಿಗಳನ್ನು ದ್ವೀಪಗಳಿಗೆ ಒಯ್ಯುತ್ತಿದ್ದವು. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ನೌಕೆ ಸುಮಾರು 160 ಪ್ರಯಾಣಿಕರೊಡನೆ ಏಳು ಗಂಟೆಗಳಲ್ಲಿ ಹಳೆ ಬಂದರಿಗೆ ಬಂದು ತಲಪಿತು. ಗಾಳಿಯನ್ನು ಕಾದು ಬರುತ್ತಿದ್ದ ಓಡಗಳ ದಾರಿಯೇ ಅದು.

ಕರ್ನಾಟಕ ಏಕೀಕರಣದ ಅಧ್ಯಯನಗಳು ಸೇರಿದ ನಾಡುಗಳನ್ನೂ ಕಳೆದುಕೊಂಡ ತಾಲ್ಲೂಕುಗಳನ್ನೂ ಭಾಷೆಯ ಅಳತೆಗೋಲಿನಿಂದ ನೋಡಿವೆ. ಆ ಅಳತೆಗೆ ಅಮಿಂದಿವಿ ನಿಲುಕುವುದಿಲ್ಲ. ಮಂಗಳೂರಿನ ಬಂದರು, ಕಲೆಕ್ಟರ ಕಚೇರಿ ಮತ್ತು ಅಕ್ಕಿ ಉಗ್ರಾಣಗಳ ಇತಿಹಾಸವಾದರೋ ಅಮಿಂದಿವಿಯನ್ನು ಬಿಟ್ಟು ಪೂರ್ಣವಾಗುವುದಿಲ್ಲ. ಜಿಲ್ಲಾಡಳಿತದ ಹಳೆಯ ಕಡತಗಳನ್ನು ಕಂದಾಯದ ಲೆಕ್ಕವಾಗಿ ಮಾತ್ರ ಓದದೆ, ಹುರಿ ಹೊತ್ತು ಬಂದು ಅಕ್ಕಿ ಹೊತ್ತು ಮರಳಿದವರ ಪ್ರಯಾಣ ದಾಖಲೆಗಳಾಗಿಯೂ ಓದುವುದು ಕರಾವಳಿ ಇತಿಹಾಸದ ಸಂಶೋಧಕರ ಮುಂದಿರುವ ಕೆಲಸವಾಗಿದೆ.