ಹೊಗೆ, ಮುಂಬದಿಯ ಬಾಗಿಲು ಮತ್ತು ಕನ್ನಡದ ಸೂಚನೆ: ಮಂಡಕಳ್ಳಿಯ ಸಣ್ಣ ವಿಮಾನಗಳನ್ನು ಕುರಿತು

ಮೂಗೂರು, ತಿ. ನರಸೀಪುರ, ನಂಜನಗೂಡು ಕಡೆಯವರಿಗೆ ಹತ್ತಿರದ ವಿಮಾನ ನಿಲ್ದಾಣವೆಂದರೆ ಮೈಸೂರಿನ ಮಂಡಕಳ್ಳಿ. 2010ರ ಅಕ್ಟೋಬರ್‌ನಲ್ಲಿ ಪ್ರಯಾಣಿಕ ವಿಮಾನಗಳು ಮತ್ತೆ ಹಾರತೊಡಗಿದ ಇಲ್ಲಿಯ ರನ್‌ವೇ ಉದ್ದ 1,740 ಮೀಟರ್. ಹಾಗಾಗಿ ಇಲ್ಲಿ ಬಂದು ಹೋಗುವುದು ಹೆಚ್ಚಾಗಿ ಪ್ರೊಪೆಲ್ಲರ್ ಇರುವ ಎಟಿಆರ್-72. ವಿಮಾನದೊಳಗಿನ ಹೊಗೆಯನ್ನು ಕುರಿತು ನಮಗಿರುವ ತಿಳಿವಳಿಕೆಯ ಬಹುಪಾಲು ಜೆಟ್ ವಿಮಾನಗಳ ದುರಂತಗಳಿಂದ ಬಂದದ್ದು. ಅದು ಮಂಡಕಳ್ಳಿಯಲ್ಲಿ ಹತ್ತುವವರಿಗೆ ಎಷ್ಟು ಹೊಂದುತ್ತದೆ, ಯಾವ ಭಾಷೆಯಲ್ಲಿ ಅವರನ್ನು ತಲುಪುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಮೊದಲು ಹೊಗೆಯ ಗುಣ. ಬಿಸಿ ಹೊಗೆ ಮೇಲೇರಿ ಛಾವಣಿಗೆ ಅಂಟಿಕೊಂಡು ಉದ್ದಕ್ಕೂ ಹರಡುತ್ತದೆ. ಒಂದಷ್ಟು ಹೊತ್ತು ಕೆಳಗಿನ ಗಾಳಿ ಉಸಿರಾಡುವಂತಿರುತ್ತದೆ. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುವವರು ಹೊಗೆ ತಿರುಗಿದ ಕೂಡಲೇ ಬಗ್ಗುವುದು ಇದೇ ಅರಿವಿನಿಂದ. ಆದರೆ ಆಸನದ ಫೋಮ್, ಪ್ಲಾಸ್ಟಿಕ್ ಉರಿದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಒದ್ದೆ ಟವೆಲ್ ಅಥವಾ ಸೆರಗು ಮಸಿಯನ್ನೂ ಕಣ್ಣು ಗಂಟಲು ಉರಿಸುವ ಕೆಲವು ಅನಿಲಗಳನ್ನೂ ತಡೆದೀತು. ಕಾರ್ಬನ್ ಮಾನಾಕ್ಸೈಡನ್ನು ತಡೆಯದು. ಒದ್ದೆ ಬಟ್ಟೆಯಿಂದ ಸಿಗುವುದು ಬಾಗಿಲವರೆಗೆ ಹೋಗಲು ಒಂದಿಷ್ಟು ಸಮಯ ಮಾತ್ರ.

1983ರ ಜೂನ್ 2ರಂದು ಹಾರುತ್ತಿದ್ದ ಏರ್ ಕೆನಡಾ 797 ವಿಮಾನದ ಹಿಂಬದಿಯ ಶೌಚಾಲಯದಲ್ಲಿ ಹೊಗೆ ಕಂಡಿತು. ವಿಮಾನ ಸಿನ್ಸಿನಾಟಿಯಲ್ಲಿ ಸುರಕ್ಷಿತವಾಗಿಯೇ ಇಳಿಯಿತು. ಬಾಗಿಲುಗಳು ತೆರೆದು ಒಂದೂವರೆ ನಿಮಿಷ ಕಳೆಯುವುದರೊಳಗೆ ಒಳಗೆಲ್ಲ ಬೆಂಕಿ ಹೊತ್ತಿಕೊಂಡಿತು. 46 ಜನರಲ್ಲಿ 23 ಮಂದಿ ಸತ್ತರು. ಇಂದು ಶೌಚಾಲಯದಲ್ಲಿರುವ ಹೊಗೆ ಪತ್ತೆಯಂತ್ರ, ನೆಲದ ಮಟ್ಟದ ದಾರಿದೀಪಗಳು ಕಡ್ಡಾಯವಾದದ್ದರ ಹಿಂದೆ ಆ 23 ಜೀವಗಳಿವೆ.

1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ನಡೆದ ಬೆಂಕಿ ದುರಂತ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಅಲ್ಲಿ ವಿಮಾನ ನೆಲ ಬಿಟ್ಟೇ ಇರಲಿಲ್ಲ. ಸತ್ತ 55 ಜನರಲ್ಲಿ 48 ಮಂದಿಯ ಜೀವ ತೆಗೆದದ್ದು ಹೊಗೆ. ರೆಕ್ಕೆಯ ಮೇಲಿನ ತುರ್ತು ಬಾಗಿಲ ಪಕ್ಕದಲ್ಲಿ ಕೂತಿದ್ದ ಪ್ರಯಾಣಿಕೆ, ಬಾಗಿಲು ತೆರೆಯುವ ಹಿಡಿ ಇದೇ ಎಂದುಕೊಂಡು ಕೈಯೂರುವ ಪಟ್ಟಿಯನ್ನು ಎಳೆದರು. ಪಕ್ಕದವರು ಸರಿಯಾದ ಹಿಡಿ ಎಳೆದಾಗ ಸುಮಾರು 22 ಕಿಲೋ ತೂಕದ ಬಾಗಿಲು ಕಳಚಿ ಆ ಪ್ರಯಾಣಿಕೆಯ ಮೈಮೇಲೆಯೇ ಬಿತ್ತು. ಹಿಂದಿನ ಸಾಲಿನವರು ಅದನ್ನೆತ್ತಿ ಸರಿಸಬೇಕಾಯಿತು. ಇಲ್ಲಿ ಕೊರತೆಯಾದದ್ದು ಧೈರ್ಯವಲ್ಲ; ಯಾವ ಹಿಡಿ, ಯಾವ ಕಡೆಗೆ ಎಂಬ ಪುಟ್ಟ ತಿಳಿವಳಿಕೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎಟಿಆರ್-72 ಒಳಗೆ ನೋಡಬೇಕು. ಪ್ರಯಾಣಿಕರು ಹತ್ತುವುದು ಹಿಂಬದಿಯ ಎಡಬಾಗಿಲಿನಿಂದ. ಸಾಮಾನ್ಯವಾಗಿ ಶೌಚಾಲಯ, ತಿಂಡಿ ಇಡುವ ಜಾಗ ಇರುವುದೂ ಅಲ್ಲೇ. ಹೊಗೆ ಹಿಂದಿನಿಂದ ಬಂದರೆ ತಾವು ಹತ್ತಿದ ಬಾಗಿಲನ್ನೇ ಮರೆತು ಮುಂದಕ್ಕೆ ಹೋಗಬೇಕು. ಅಲ್ಲಿ ಎರಡೂ ಬದಿಗೆ ಇರುವುದು ತುರ್ತು ಬಾಗಿಲುಗಳು. ಅಂಥ ಬಾಗಿಲಿಗೆ ನಿಯಮದಲ್ಲಿರುವ ಕನಿಷ್ಠ ಅಳತೆ ಸುಮಾರು 51 ಸೆಂಟಿಮೀಟರ್ ಅಗಲ, 91 ಸೆಂಟಿಮೀಟರ್ ಎತ್ತರ. ಯಾರೂ ಅದರಿಂದ ಹತ್ತಿಲ್ಲ, ಇಳಿದಿಲ್ಲ. ಗಾಬರಿಯಲ್ಲಿ ಮನುಷ್ಯ ಬಂದ ದಾರಿಯಲ್ಲೇ ಓಡುತ್ತಾನೆ. ಈ ವಿಮಾನದಲ್ಲಿ ಆ ದಾರಿ ಹೊಗೆಯೊಳಕ್ಕೇ ಒಯ್ಯಬಹುದು. ಮುಂದಿನಿಂದ ಇಳಿದವರು ಪ್ರೊಪೆಲ್ಲರ್ ಇರುವ ಹಿಂದಿನ ಕಡೆಗೆ ಕಾಲಿಡಬಾರದು ಎಂಬುದನ್ನೂ ಮೊದಲೇ ಹೇಳಬೇಕು.

ಆಮ್ಲಜನಕದ ಮಾಸ್ಕ್ ಕಾಪಾಡುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಜೆಟ್‌ಗಳಲ್ಲಿ ತಲೆಯ ಮೇಲಿಂದ ಬೀಳುವ ಮಾಸ್ಕ್ ಇರುವುದು ಒಳಗಿನ ಗಾಳಿಯ ಒತ್ತಡ ಕುಸಿದಾಗ ಬಳಸಲು. ಅದು ಸುತ್ತಲಿನ ಗಾಳಿಯನ್ನೂ ಬೆರೆಸಿಕೊಳ್ಳುವುದರಿಂದ ಹೊಗೆಯೂ ಒಳಹೋಗುತ್ತದೆ. 25,000 ಅಡಿಗಿಂತ ಮೇಲೆ ಹಾರದ ಎಟಿಆರ್‌ನಲ್ಲಂತೂ ಸಾಮಾನ್ಯವಾಗಿ ಆ ಮಾಸ್ಕೇ ಇರುವುದಿಲ್ಲ. ಹೊಗೆಯಲ್ಲಿ ಕೆಲಸ ಮಾಡಲು ಉಸಿರಾಟದ ಮುಸುಕು ಇರುವುದು ಸಿಬ್ಬಂದಿಗೆ ಮಾತ್ರ, ಅದೂ ಸುಮಾರು 15 ನಿಮಿಷಕ್ಕೆ. ಐವತ್ತು ಆಸನಕ್ಕೊಬ್ಬರು ಎಂಬ ಲೆಕ್ಕದಲ್ಲಿ 78 ಆಸನದ ವಿಮಾನಕ್ಕೆ ಕ್ಯಾಬಿನ್ ಸಿಬ್ಬಂದಿ ಇಬ್ಬರಿದ್ದರೆ ಸಾಕು. ಮೊಬೈಲ್ ಅಥವಾ ಪವರ್ ಬ್ಯಾಂಕ್ ಬ್ಯಾಟರಿ ಹೊತ್ತಿದರೆ ಒಬ್ಬರು ಬೆಂಕಿ ನಂದಿಸುವ ಹ್ಯಾಲಾನ್ ಸಿಂಪಡಿಸಿ, ಆಮೇಲೆ ನೀರು ಸುರಿಯುತ್ತಲೇ ಇರಬೇಕು. ಜ್ವಾಲೆ ಆರಿದರೂ ಒಳಗಿನ ಕಾವು ಆರದಿದ್ದರೆ ಬ್ಯಾಟರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆಗ ಉಳಿದವರೆಲ್ಲರಿಗೂ ದನಿ ಕೊಡಲು ಮಿಕ್ಕವರು ಒಬ್ಬರೇ.

ಆ ಒಬ್ಬರ ದನಿ ಯಾವ ಭಾಷೆಯಲ್ಲಿರಬೇಕು? ನಮ್ಮ ವಿಮಾನಗಳಲ್ಲಿ ಸುರಕ್ಷತೆಯ ವಿವರಣೆ ಸಾಮಾನ್ಯವಾಗಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಮೂಗೂರಿನಿಂದ ಮೊದಲ ಬಾರಿಗೆ ವಿಮಾನ ಹತ್ತುವ ಅಜ್ಜಿಗೆ ಅವೆರಡೂ ಒಂದೇ. ಕನ್ನಡದಲ್ಲೂ ಹೇಳಿ ಎನ್ನುವುದನ್ನು ಭಾಷಾಭಿಮಾನದ ಬೇಡಿಕೆಯೆಂದು ಬದಿಗೆ ಸರಿಸುವುದು ತಪ್ಪು. ಕರ್ನಾಟಕ ವಿಮಾನದ ಬೆಂಕಿಯನ್ನು ಕಣ್ಣಾರೆ ಕಂಡ ನಾಡು: 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ 92 ಜನ, 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತರು. 2024ರ ಮೇ 18ರಂದು ಬೆಂಗಳೂರಿನಿಂದ ಹೊರಟ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಂಡಾಗ, ವಾಪಸ್ ಇಳಿಸಿ 179 ಪ್ರಯಾಣಿಕರನ್ನು ಕ್ಷೇಮವಾಗಿ ಹೊರತಂದರು.

ಮಂಡಕಳ್ಳಿಯಲ್ಲಿ ಕನ್ನಡದ ಸೂಚನೆಗೆ ದೊಡ್ಡ ಖರ್ಚೇನೂ ಬೇಡ. ವಿಮಾನಕ್ಕಾಗಿ ಕಾಯುವ ಕೊಠಡಿಯಲ್ಲೇ, ಹತ್ತುವ ಮೊದಲು, ಎಟಿಆರ್‌ನ ಬಾಗಿಲುಗಳ ಚಿತ್ರ ತೋರಿಸಿ ಕನ್ನಡದಲ್ಲಿ ಎರಡು ನಿಮಿಷ ಹೇಳಬಹುದು: ಮುಂದೆಯೂ ಬಾಗಿಲಿದೆ, ನಿಮ್ಮ ಸೀಟಿನಿಂದ ಅಲ್ಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ, ಹೊಗೆ ಬಂದರೆ ಬಗ್ಗಿ ನಡೆಯಿರಿ, ಬ್ಯಾಗು ಅಲ್ಲೇ ಬಿಡಿ, ಫೋನು ಬಿಸಿಯಾದರೆ ಅಥವಾ ಸೀಟಿನ ಸಂದಿಗೆ ಬಿದ್ದರೆ ನೀವೇ ತೆಗೆಯಲು ಹೋಗದೆ ಸಿಬ್ಬಂದಿಯನ್ನು ಕರೆಯಿರಿ.